ಗಣಿತದ ಟೀಚರ್ ಇಲ್ಲದ ಊರಿಗೆ

ಶಹಾಬಾದದ ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದಾಗ ನನ್ನ ಹತ್ತಿರ ಎರಡು ಚೀಲ ಇದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು. ಬಟ್ಟೆಯ ಚೀಲವೇ ಹಗುರ. ಚಿಂಚೋಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದಸರಾ ರಜೆಯ ನಂತರ ಗಣಿತದ ಶಿಕ್ಷಕರೇ ಇಲ್ಲ, ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಿದೆ, ಒಂದು ವಾರ ಹೋಗಿ ಪಾಠ ಮಾಡಿ ಬನ್ನಿ ಎಂದು ನನಗೆ ಆದೇಶ ಬಂದಿತ್ತು. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿಯವರಿಗೆ ಕಿರಿಕಿರಿ, ನನಗೂ ಕಿರಿಕಿರಿ.

ಪ್ರತಿ ವರ್ಷ ಫಲಿತಾಂಶದ ದಿನ ಪತ್ರಿಕೆಯಲ್ಲಿ ಜಿಲ್ಲೆಗಳ ಪಟ್ಟಿ ಬರುತ್ತದೆ. ನಮ್ಮ ಜಿಲ್ಲೆ ಎಲ್ಲಿದೆ ಎಂದು ನೋಡಲು ನಾನು ಆ ಪಟ್ಟಿಯನ್ನು ಕೆಳಗಿನಿಂದ ಓದುತ್ತೇನೆ, ಹೊತ್ತು ಉಳಿಯುತ್ತದೆ. ಆಮೇಲೆ ದಿನವಿಡೀ ಸಿಟ್ಟಿನಲ್ಲಿ ಇರುತ್ತೇನೆ. ಆದ್ದರಿಂದ ಆದೇಶ ಕೈಗೆ ಬಂದಾಗ ಸಹೋದ್ಯೋಗಿಗಳು ಅಯ್ಯೋ ಪಾಪ ಅಂದರೂ ನನಗೆ ಒಳಗೊಳಗೆ ಖುಷಿಯೇ ಆಯಿತು. ಬಯ್ಯುವ ಬದಲು ಒಂದು ವಾರ ಏನಾದರೂ ಮಾಡಬಹುದಲ್ಲ.

ವಾಡಿ ಹತ್ತೇ ರೂಪಾಯಿಯ ದಾರಿ. ಅಲ್ಲಿ ಇಳಿದು ಹೈದರಾಬಾದ್ ಕಡೆಯ ಗಾಡಿಗೆ ಕಾಯಬೇಕು. ಗಾಡಿ ತಡವೆಂದು ಗೊತ್ತಾದ ಮೇಲೆ ಸ್ಟೇಷನ್ ಹೊರಗೆ ಹೋಗಿ ಒಂದು ಪ್ಲೇಟ್ ಮಂಡಕ್ಕಿ ಸುಸಲಾ, ಎರಡು ಮಿರ್ಚಿ ಭಜಿ ತಿಂದೆ. ಫೆಬ್ರುವರಿ ಮುಗಿಯುವ ಮೊದಲೇ ಬಿಸಿಲು ಚುರುಗುಟ್ಟುತ್ತಿತ್ತು. ಬೆಂಚಿನ ಮೇಲಿದ್ದ ಬಿಳಿ ಧೂಳನ್ನು ಸೆರಗಿನಿಂದ ಜಾಡಿಸಿ ಕೂತೆ. ಗಾಡಿ ಬಂದ ಮೇಲೆ ಪಕ್ಕದಲ್ಲಿ ಕೂತವಳು ಚಿತ್ತಾಪುರಕ್ಕೆ ಬಳೆಗಂಟು ಒಯ್ಯುತ್ತಿದ್ದ ಮುದುಕಿ. ಎಲ್ಲಿಗೆ, ಯಾಕೆ ಎಂದು ವಿಚಾರಿಸಿಕೊಂಡು, "ವರ್ಷಾನಗಟ್ಲೆ ಕಲೀಲಾರದ್ದು ಒಂದು ವಾರದಾಗ ಕಲಸ್ತೀರೇನ್ರಿ?" ಎಂದಳು.

"ಕಲಸ್ತೀನಿ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಮಾರಿ ನೋಡಿದ್ರ ಕಲಸ್ತೀರಿ ಬಿಡ್ರಿ," ಎಂದು ಎದ್ದು ಬಾಗಿಲ ಕಡೆ ಹೋದಳು. ಅದು ಹೊಗಳಿಕೆಯೋ ಅಲ್ಲವೋ ಸೇಡಂ ಬರುವವರೆಗೂ ಯೋಚಿಸಿದೆ.

ಸೇಡಂನಿಂದ ಚಿಂಚೋಳಿಗೆ ಬಸ್ಸು. ಒಂದು ಗಂಟೆಗೂ ಮಿಕ್ಕಿದ ದಾರಿ. ರಸ್ತೆಯ ಎರಡೂ ಕಡೆ ತೊಗರಿ ಕೊಯ್ದ ಹೊಲಗಳು, ಕಪ್ಪು ನೆಲದಲ್ಲಿ ಕೂಳೆ ಮಾತ್ರ ನಿಂತಿತ್ತು. ಚಿಂಚೋಳಿಯಲ್ಲಿ ಟಂಟಂ ಹತ್ತಿದೆ. ಆರು ಜನ ಕೂರುವ ಆಟೋದಲ್ಲಿ ಹದಿಮೂರು ಜನ ಕೂತೆವು. ನನ್ನ ಪ್ರಶ್ನೆಪತ್ರಿಕೆಯ ಚೀಲದ ಮೇಲೆ ಯಾರದೋ ಮಗು ಮಲಗಿತ್ತು. ಒಳಗೆ ಹೋದಂತೆ ಮಾತಿನಲ್ಲಿ ತೆಲುಗು ಬೆರೆಯುತ್ತ ಬಂತು, ಮಧ್ಯಾಹ್ನದ ಹೊತ್ತಿಗೆ ಊರು ಬಂತು.

ಮುಖ್ಯಗುರುಗಳು ಬಸವಂತರಾಯರು. ನಿವೃತ್ತಿಗೆ ಹತ್ತಿರ ಬಂದವರು, ಮಾತು ಮೆತ್ತಗೆ. ನೀರು ಕೊಟ್ಟು, ಊಟ ಹಾಕಿಸಿ, ಆಮೇಲೆ ಬಾಗಿಲು ಮುಂದೆ ಮಾಡಿ ಒಂಬತ್ತು ಮಕ್ಕಳ ಹೆಸರು ಹೇಳಿದರು.

"ಮೇಡಂ, ಇವರು ಗಣಿತದಾಗ ಖಂಡಿತ ನಪಾಸ್ ಅದಾರ್ರಿ. ಇವರನ್ನ ಈ ವರ್ಷ ಬಿಡಸಬೇಕಂತ ಮಾಡೀನಿ. ರಾಶಿ ಟೈಮಿನಾಗ ಹೊಲಕ್ಕ ಹೋಗಿ ಹಾಜರಿ ಕಮ್ಮಿ ಬಿದ್ದದ. ಅದನ್ನ ಬರದು ಹಾಲ್ ಟಿಕೆಟ್ ತಡದ್ರ ಯಾರೂ ಏನೂ ಕೇಳಂಗಿಲ್ಲ. ಮುಂದಿನ ವರ್ಷ ಖಾಸಗಿ ಕಟ್ಟಲಿ."

ನನಗೆ ನೆತ್ತಿಗೆ ಏರಿತು. ಖಾಸಗಿಯಾಗಿ ಕಟ್ಟುವುದೆಂದರೆ ಏನೆಂದು ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಗೊತ್ತು. ಹಾಗೆ ಹೋದ ಹುಡುಗ ಕಲ್ಲಿನ ಕೆಲಸಕ್ಕೆ, ಹುಡುಗಿ ಮದುವೆಗೆ, ಇಲ್ಲವೇ ಹೈದರಾಬಾದಿನಲ್ಲಿ ಯಾರದೋ ಮನೆಯ ಪಾತ್ರೆ ತೊಳೆಯಲು. ಶಾಲೆಗೆ ಮಾತ್ರ ಯಾರೂ ಮರಳಿ ಬರುವುದಿಲ್ಲ.

"ರಾಶಿಗೆ ಶಾಣ್ಯಾ ಹುಡುಗರೂ ಹೋಗಿರಬೇಕಲ್ರಿ ಸರ್?" ಎಂದೆ.

"ಹೋಗ್ಯಾರ. ಅವರಿಗೆ ವಿನಾಯಿತಿ ಬರದೀನಿ."

"ಇವರಿಗೆ ಯಾಕ ಬರೀಲಿಲ್ರಿ?"

ಅವರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು. "ಹೋದ ವರ್ಷ ಫಲಿತಾಂಶ ಕಮ್ಮಿ ಆಯ್ತಂತ ನೋಟಿಸ್ ಕೊಟ್ರು ಮೇಡಂ. ಮಾಸ್ತರ್‌ನ ಕೊಡಂಗಿಲ್ಲ, ನೋಟಿಸ್ ಅಷ್ಟ ಕೊಡ್ತಾರ. ನಾ ಏನ್ ಮಾಡ್ಲಿ, ನೀವ ಹೇಳ್ರಿ."

ಅವರ ಮಾತಿನಲ್ಲೂ ಸುಳ್ಳಿರಲಿಲ್ಲ, ಅದೇ ತೊಂದರೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಶುಕ್ರವಾರ ಅವರೇ ಟೆಸ್ಟ್ ಇಡುವುದು. ಪಾಸಾದವರಿಗೆ ಹಾಲ್ ಟಿಕೆಟ್ ಕೊಡುವುದು.

ಮಂಗಳವಾರ ಮುಂಜಾನೆ ಆ ಒಂಬತ್ತು ಮಕ್ಕಳನ್ನು ಬೇರೆ ಕೂರಿಸಿಕೊಂಡೆ. ವಿಜ್ಞಾನ ಕಲಿಸುವ ಅತಿಥಿ ಶಿಕ್ಷಕಿ ಸುಜಾತಾ ಜೊತೆಗಿದ್ದಳು. ಇಪ್ಪತ್ತೈದರ ಹುಡುಗಿ, ಗಣಿತ ಓದಿದವಳಲ್ಲ, ಆದರೂ ನಾಲ್ಕು ತಿಂಗಳಿಂದ ತನಗೆ ಬಂದಷ್ಟು ಗಣಿತವನ್ನೂ ಇವರಿಗೆ ಹೇಳಿಕೊಟ್ಟವಳು. ನಾನು ಉಳಿದುಕೊಂಡಿದ್ದೂ ಅವಳ ಮನೆಯಲ್ಲಿಯೇ. ನಮ್ಮಲ್ಲಿ ಹಿಂದುಳಿದ ಮಕ್ಕಳಿಗೆಂದು 'ಪಾಸಿಂಗ್ ಪ್ಯಾಕೇಜ್' ಎಂಬುದೊಂದು ಇದೆ. ಇಡೀ ಪುಸ್ತಕ ಬಿಟ್ಟು, ಖಂಡಿತ ಅಂಕ ಬರುವ ನಾಲ್ಕಾರು ಲೆಕ್ಕಗಳನ್ನು ಮಾತ್ರ ಉಜ್ಜಿಸುವುದು. ಆಗಿನ ಪಠ್ಯದಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆಯುವ ಲೆಕ್ಕ ಅದರ ತಲೆಬಾಗಿಲು. ಚಿತ್ರ ಬಿಡಿಸಿದರೆ ಅಂಕ.

ನಾಲ್ಕು ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ ಎಂದೆ. ಎಳೆದರು. ಒಬ್ಬೊಬ್ಬರ ಹತ್ತಿರ ಹೋಗಿ ನೋಡಿದರೆ ಒಂಬತ್ತೂ ವೃತ್ತ ಒಂದೇ ಅಳತೆ, ಒಂದೂ ನಾಲ್ಕು ಸೆಂಟಿಮೀಟರ್ ಇಲ್ಲ. ಎಲ್ಲವೂ ಮೂರು. ಎರಡು ಸೆಂಟಿಮೀಟರ್ ಎಳೆಯಿರಿ ಎಂದೆ. ಮತ್ತೆ ಮೂರು. ಕಣ್ಣು ತಪ್ಪಿಸಿ ನಿಂತು ನೋಡಿದೆ. ಮುಂದಿನ ಸಾಲಿನ ಹುಡುಗಿ ಕೈಬಳೆ ತೆಗೆದು ಹಾಳೆಯ ಮೇಲಿಟ್ಟು ಪೆನ್ಸಿಲ್ ಸುತ್ತಿಸಿದಳು. ಆ ಬಳೆಯೇ ಹಿಂದಿನ ಸಾಲಿನ ಹುಡುಗರಿಗೂ ಹೋಯಿತು.

"ಏನದು?" ಎಂದು ಕೂಗಿದೆ. ಹುಡುಗಿ ಬೆಚ್ಚಿದಳು. ಮೊಗಲಮ್ಮ ಅವಳ ಹೆಸರು.

"ವೃತ್ತ ಅಂದ್ರ ಬಳಿ ಅಲ್ರಿ, ಟೀಚರ್?"

ಸುಜಾತಾಳ ಮುಖ ಕೆಂಪಾಯಿತು. ಬಳೆಯಿಂದ ವೃತ್ತ ಎಳೆಯುವ ಒಂದು ಲೆಕ್ಕ ಪುಸ್ತಕದಲ್ಲೂ ಇತ್ತು. ಮಕ್ಕಳ ಹತ್ತಿರ ಕೈವಾರ ಇರಲಿಲ್ಲ. ಇವಳು ಬಳೆಯಿಂದಲೇ ಕಲಿಸಿದಳು. ಜನವರಿಯ ಟೆಸ್ಟಿನಲ್ಲಿ ಕೇಳಿದ್ದು ಮೂರು ಸೆಂಟಿಮೀಟರಿನ ವೃತ್ತ, ಹುಡುಗಿಯರ ಬಳೆ ಸರಿಯಾಗಿ ಅಷ್ಟೇ ಇತ್ತು. ಎಲ್ಲರಿಗೂ ಅಂಕ ಬಂತು. ಸರಿಯಿದೆ ಎಂದೇ ಎಲ್ಲರೂ ತಿಳಿದರು. ನಗು ಬಂದರೂ ನಗಲಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಕೇಳಿದ್ದರೆ ಈ ಮಕ್ಕಳ ತಲೆಬಾಗಿಲೇ ಮುಚ್ಚಿಹೋಗುತ್ತಿತ್ತು.

ಅಂದು ಸಂಜೆ ನಾನೂ ಸುಜಾತಾಳೂ ಟಂಟಂ ಹತ್ತಿ ಚಿಂಚೋಳಿಗೆ ಹೋಗಿ ಕೈವಾರಗಳನ್ನು ತಂದೆವು. ಬುಧವಾರ ಕೊಟ್ಟೆ. ನಾಲ್ಕು ಸೆಂಟಿಮೀಟರ್ ಎಂದೆ. ಎಲ್ಲರೂ ಎಳೆದರು. ಮತ್ತೆ ಮೂರು! ಮೊಗಲಮ್ಮ ಕೈವಾರದ ಮೊನೆಯನ್ನು ಬಳೆಯ ನಡುವೆ ಇಟ್ಟು, ಪೆನ್ಸಿಲನ್ನು ಬಳೆಯ ಅಂಚಿಗೆ ತಾಗಿಸಿ ಅಳತೆ ತೆಗೆದುಕೊಂಡಿದ್ದಳು. ಉಳಿದವರು ಅವಳನ್ನು ನೋಡಿ ಮಾಡಿದ್ದರು. ನಾನು ಹಣೆ ಚಚ್ಚಿಕೊಂಡೆ.

ಆಗ ಹೊಳೆಯಿತು, ಇವರಿಗೆ ತೊಂದರೆ ಇದ್ದದ್ದು ಕೈವಾರದ್ದಲ್ಲ. ಲೆಕ್ಕದಲ್ಲಿ ಬರೆದ ಸಂಖ್ಯೆ ತಮಗೆ ಏನೋ ಹೇಳುತ್ತಿದೆ ಎಂದು ಇವರಿಗೆ ಯಾರೂ ಹೇಳಿರಲಿಲ್ಲ. ಪಾಸಿಂಗ್ ಪ್ಯಾಕೇಜಿನಲ್ಲಿ ಹೇಳಲು ಹೊತ್ತೂ ಇಲ್ಲ. ಪುಸ್ತಕ ಮುಚ್ಚಿಸಿ ಹೊರಗೆ ಕರೆದುಕೊಂಡು ಹೋದೆ. ಅಂಗಳದಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, "ಎಮ್ಮಿ ಕಟ್ಟೀವಿ ಅಂತ ತಿಳೀರಿ. ಹಗ್ಗ ಎರಡು ಹೆಜ್ಜಿ ಅದ. ಎಲ್ಲೀತನ ಮೇಯ್ತದ?" ಎಂದು ಸುತ್ತಿಸಿದೆ. ನಾಲ್ಕು ಹೆಜ್ಜೆ ಮಾಡಿದೆ, ಮತ್ತೆ ಸುತ್ತಿಸಿದೆ. ಎಮ್ಮೆ ಆಗಲು ಹುಡುಗರಲ್ಲಿ ಜಗಳವೇ ಆಯಿತು. ಕಡೆಗೆ ಮೊಗಲಮ್ಮ ನಿಂತು, "ಟೀಚರ್, ಅಂದ್ರ ಕಾಗದದಾಗ ಬರದದ್ದು ಹಗ್ಗದ ಉದ್ದ ಏನ್ರಿ?" ಎಂದಳು.

ಹೌದು ಎಂದೆ. ಅವಳು ಒಳಗೆ ಓಡಿ ಒಂದೇ ಹಾಳೆಯಲ್ಲಿ ಎರಡು, ಮೂರು, ನಾಲ್ಕು, ಐದು ಸೆಂಟಿಮೀಟರಿನ ವೃತ್ತ ಎಳೆದು ತಂದಳು. ನನಗೆ ಕಣ್ಣು ತುಂಬಿ ಬಂತು. ಗದರುವ ಹಾಗೆ, "ಇನ್ನ ಸ್ಪರ್ಶಕ ಯಾರ ಎಳೀಬೇಕು?" ಎಂದೆ.

ಆಮೇಲೆ ಬಿಡಲಿಲ್ಲ. ಮುಂಜಾನೆ ಬೇಗ ಬರಲು ಹೇಳಿದೆ, ಮಧ್ಯಾಹ್ನ ಬಿಸಿಯೂಟ ಆದ ತಕ್ಷಣ ಕೂರಿಸಿದೆ. ಸುಜಾತಾಳೂ ಮಕ್ಕಳ ನಡುವೆ ಕೂತು ಲೆಕ್ಕ ಮಾಡಿದಳು. ಅವಳೇ ಹೇಳಿದಳು, ಮೊಗಲಮ್ಮನ ಅಕ್ಕ ಹೈದರಾಬಾದಿನಲ್ಲಿ ಮನೆಗೆಲಸಕ್ಕೆ ಇದ್ದಾಳೆ, ತಂಗಿಯನ್ನೂ ಕಳಿಸಿರೆಂದು ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ, ಪರೀಕ್ಷೆ ಇದೆ ಎಂಬ ಒಂದೇ ನೆವಕ್ಕೆ ತಾಯಿ ತಡೆದಿದ್ದಾಳೆ ಎಂದು. ರಾತ್ರಿ ರೊಟ್ಟಿ, ಪುಂಡಿಪಲ್ಯ ತಿಂದ ಮೇಲೆ ಮರುದಿನದ ಲೆಕ್ಕಗಳನ್ನು ಬರೆದಿಟ್ಟೆ.

ಶುಕ್ರವಾರ ಟೆಸ್ಟ್ ಆಯಿತು. ಮೌಲ್ಯಮಾಪನ ಮಾಡಿದ್ದು ಬಸವಂತರಾಯರೇ. ಆರು ಜನ ಪಾಸು, ಮೂವರು ನಪಾಸು, ಅವರಲ್ಲಿ ಮೊಗಲಮ್ಮ ಒಬ್ಬಳು. ಅವಳ ವೃತ್ತ, ಸ್ಪರ್ಶಕ, ಎಲ್ಲ ಸರಿಯಿತ್ತು. ಆದರೆ ಅದೊಂದನ್ನೇ ಅಂದವಾಗಿ ಬಿಡಿಸುತ್ತ ಹೊತ್ತು ಕಳೆದು ಕೊನೆಯ ಪುಟಗಳನ್ನು ಮುಟ್ಟಿರಲೇ ಇಲ್ಲ. ಶಾಲೆ ಬಿಡುವಾಗ ಮುಖ್ಯಗುರುಗಳು ಆ ಮೂವರನ್ನು ಕರೆದು, ಈ ಸಲ ಬೇಡ ಎಂದು ಹೇಳಿ ಕಳಿಸಿದರು. ನನಗೆ ಗೊತ್ತಾದಾಗ ಮಕ್ಕಳು ಹೋಗಿಯಾಗಿತ್ತು.

ಒಪ್ಪಂದ ನಾನೇ ಮಾಡಿಕೊಂಡಿದ್ದು. ಆದರೂ ಹೋಗಿ ಅವರ ಎದುರು ಕೂತೆ.

"ಸರ್, ಮಂಗಳವಾರ ವೃತ್ತ ಅಂದ್ರ ಬಳಿ ಅಂತಿದ್ದ ಹುಡುಗಿ ಶುಕ್ರವಾರ ಸ್ಪರ್ಶಕ ಎಳದಾಳ. ಪರೀಕ್ಷಾಕ ಇನ್ನಾ ದಿನ ಅವ. ಐತವಾರ ಐತವಾರ ನಾ ಬಂದು ಕಲಸ್ತೀನಿ."

"ನಪಾಸಾದ್ರ ನೋಟಿಸ್ ನನಗ ಬರ್ತದ್ರಿ ಮೇಡಂ."

"ಗಣಿತದ ಶಿಕ್ಷಕರ ಹೆಸರು ಬರಿಯೋ ಜಾಗ ಖಾಲಿ ಅದಲ್ರಿ? ಅಲ್ಲಿ ನನ್ನ ಹೆಸರು ಬರೀರಿ. ನೋಟಿಸ್ ಶಹಾಬಾದಕ್ಕ ಬರ್ಲಿ. ಒಂಬತ್ತೂ ಮಂದೀದು."

ಅವರು ಹಾಜರಿ ಪುಸ್ತಕವನ್ನು ಎದುರಿಗೆ ಎಳೆದುಕೊಂಡರು. ಆಮೇಲೆ, "ನಿಮ್ಮ ಹೆಸರು ಯಾಕ್ರಿ, ಇಷ್ಟು ವರ್ಷ ತಿಂದೀನಿ, ಇನ್ನೊಂದು ನೋಟಿಸ್ ನನಗ ಭಾರ ಅಲ್ಲ," ಎಂದರು. "ನೀವು ಐತವಾರ ತಪ್ಪಸಬ್ಯಾಡ್ರಿ ಅಷ್ಟ. ನಾಳಿ ಪ್ರಾರ್ಥನಾದಾಗ ಹುಡುಗರಿಗೆ ಹೇಳ್ತೀನಿ." ಒಂಬತ್ತೂ ಹೆಸರಿಗೆ ವಿನಾಯಿತಿಯ ಪತ್ರವನ್ನು ನನ್ನ ಎದುರಿಗೇ ಬರೆದರು.

ಶನಿವಾರ ಬೆಳಗಿನ ಮೊದಲ ಟಂಟಂಗೆ ಹೊರಟೆ. ಊರ ಅಂಚಿನಲ್ಲಿ ಅದು ಮತ್ತೆ ನಿಂತಿತು. ಒಬ್ಬ ಹೆಂಗಸು ಹತ್ತಿದಳು, ಅವಳ ಹಿಂದೆ ಚೀಲ ಹಿಡಿದು ಮೊಗಲಮ್ಮ. ನನ್ನನ್ನು ನೋಡಿ ಹುಡುಗಿ ತಲೆ ತಗ್ಗಿಸಿದಳು.

"ಎಲ್ಲಿಗವ್ವ?" ಎಂದೆ ತಾಯಿಗೆ.

"ಹೈದರಾಬಾದಕ್ಕ್ರಿ ಟೀಚರಮ್ಮ. ಪರೀಕ್ಷಾ ಬ್ಯಾಡಂದ್ರಂತಲ್ಲ. ಇನ್ನ ಮನ್ಯಾಗ ಯಾಕ ಇಟಗೋಳ್ಲಿ, ಅಕ್ಕನ ತಾಕ ಬಿಟ್ಟು ಬರ್ತೀನಿ."

ಟಂಟಂ ಹೊರಟಿತ್ತು. ಇಂಜಿನ್ ಸದ್ದಿನಲ್ಲಿ ನಾನು ಕೂಗಿಯೇ ಹೇಳಬೇಕಾಯಿತು, ಹಾಲ್ ಟಿಕೆಟ್ ಕೊಡುತ್ತಾರೆ, ನಿನ್ನೆ ಸಂಜೆ ಒಪ್ಪಿದ್ದಾರೆ, ಇವತ್ತು ಪ್ರಾರ್ಥನೆಯಲ್ಲಿ ಹೇಳುತ್ತಾರೆ ಎಂದು. ಕೂತವರೆಲ್ಲ ಕೇಳಿಸಿಕೊಂಡರು. ತಾಯಿ ಮಾತ್ರ ನಂಬಲಿಲ್ಲ.

"ಬರದ್ರ ಪಾಸ್ ಆಗ್ತಾಳೇನ್ರಿ? ಖರೇ ಹೇಳ್ರಿ."

ಹೌದು ಎನ್ನುವುದು ಸುಲಭವಿತ್ತು. "ಗೊತ್ತಿಲ್ಲವ್ವ," ಎಂದೆ. "ಆಗಲಿಲ್ಲಂದ್ರ ಪೂರಕ ಪರೀಕ್ಷಾ ಬರೀತಾಳ. ನಪಾಸ್ ಆಗ್ಲಿಕ್ಕರೆ ಒಮ್ಮೆ ಕುಂದ್ರಬೇಕಲ್ಲ. ಈಗ ಹೋದ್ರ ಆಕಿ ಪಾಸೂ ಅಲ್ಲ, ನಪಾಸೂ ಅಲ್ಲ. ನಾ ಐತವಾರ ಐತವಾರ ಬಂದು ಕಲಸ್ತೀನಿ."

ಮೊಗಲಮ್ಮ ಚೀಲ ಎದೆಗೆ ಒತ್ತಿಕೊಂಡು, "ಅವ್ವಾ, ನಾ ಇಳೀತೀನಿ," ಎಂದಳು. ಯಾರೂ ಹೇಳುವ ಮೊದಲೇ ಡ್ರೈವರ್ ಬ್ರೇಕ್ ಹಾಕಿದ. ತಾಯಿ ಅವಳ ಕೈ ಹಿಡಿದಳು, ಒಂದು ಗಳಿಗೆ ಹಿಡಿದೇ ಇದ್ದಳು, ಆಮೇಲೆ ಬಿಟ್ಟಳು. ಹಿಂದಿರುಗಿ ನೋಡಿದೆ. ಹುಡುಗಿ ಶಾಲೆಯ ಕಡೆಗೆ ಬಿರಬಿರನೆ ನಡೆಯುತ್ತಿದ್ದಳು.

ತಾಯಿ ಚಿಂಚೋಳಿಯವರೆಗೂ ನನ್ನ ಪಕ್ಕದಲ್ಲಿಯೇ ಬಂದಳು, ಹೈದರಾಬಾದಿನ ಮಗಳಿಗೆ ಅಲ್ಲಿಂದ ಫೋನ್ ಮಾಡಿಸಬೇಕು ಎಂದಳು. ಇಳಿಯುವಾಗ ನನ್ನ ಊರು, ಶಾಲೆ, ಶಾಲೆ ಇರುವ ಓಣಿ, ಎಲ್ಲ ಕೇಳಿಕೊಂಡಳು. ಹೇಳಿದೆ. ಬಾಯಲ್ಲಿ ಒಮ್ಮೆ ಹೇಳಿಕೊಂಡು ಗಟ್ಟಿ ಮಾಡಿಕೊಂಡಳು.

"ಐತವಾರ ನೀವು ಬರ್ಲಿಲ್ಲಂದ್ರ, ಸೋಮವಾರ ನಾ ಶಹಾಬಾದದಾಗ ಇರ್ತೀನ್ರಿ," ಎಂದಳು. ಮುಖದಲ್ಲಿ ನಗು ಇರಲಿಲ್ಲ.