ಒಂದು ಗುಟುಕು ನೀರು

ಆರ್ಲಿನ್ ಟ್ವೈಟನ್ ನಮ್ಮೂರ ಗಂಡಸರ ಹಾಡುಗುಂಪಿನ ನಿರ್ದೇಶಕರಾದದ್ದು ಆರು ವಾರಗಳ ಮಟ್ಟಿಗೆ. ಹಿಂದಿನ ನಿರ್ದೇಶಕರು ಸೊಂಟದ ಆಪರೇಷನ್ನಿಗೆ ಹೋಗಿದ್ದರು. ಅವರು ವಾಸಿಯಾದ ಮೇಲೆ ಅರಿಜೋನಾದ ಬಿಸಿಲಿಗೆ ಹೋಗಿ ಅಲ್ಲೇ ಉಳಿದರು. ಅವರ ಪಿಚ್ ಪೈಪ್ ಆರ್ಲಿನ್ ಅವರ ಅಂಗಿಯ ಜೇಬಿನಲ್ಲೇ ಉಳಿಯಿತು. ಬಿಸ್ಕತ್ತಿನಗಲದ ಆ ಬಿಲ್ಲೆಯನ್ನು ಊದಿ ಶ್ರುತಿ ಕೊಡುವವರೇ ಗುಂಪಿನ ಮುಂದೆ ನಿಲ್ಲಬೇಕು. ಹಾಗೆ ನಿಂತು ಹನ್ನೊಂದು ವರ್ಷವಾಯಿತು.

ನಮ್ಮ ಗುಂಪು ಹಾಡುವ, ಬಾರ್ಬರ್‌ಶಾಪ್ ಎಂಬ ನಾಲ್ಕು ದನಿಯ ಹಾಡಿಗೆ ವಾದ್ಯವಿಲ್ಲ. ಲೀಡ್‌ನವರು ರಾಗ ಹಿಡಿಯುತ್ತಾರೆ, ಟೆನರ್‌ನವರು ಮೇಲಿನಿಂದ, ಬೇಸ್‌ನವರು ಕೆಳಗಿನಿಂದ ಕೂಡಿಕೊಳ್ಳುತ್ತಾರೆ. ಮಿಕ್ಕ ಸಂದುಗಳನ್ನು ತುಂಬುವವನು ಬ್ಯಾರಿಟೋನ್. ಆರ್ಲಿನ್ ಮೊದಲಿನಿಂದಲೂ ಬ್ಯಾರಿಟೋನ್. ಮೂವತ್ತನಾಲ್ಕು ವರ್ಷ ಹಾಲಿನ ಲಾರಿ ಓಡಿಸಿದವರು. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಆ ಸಂದಿನ ಸ್ವರಗಳನ್ನೇ ಹಾಡಿಕೊಳ್ಳುತ್ತಿದ್ದರಂತೆ. ಒಂಟಿಯಾಗಿ ಕೇಳಿದರೆ ಅದು ಯಾವ ಹಾಡೆಂದು ಯಾರಿಗೂ ತಿಳಿಯುವುದಿಲ್ಲ. ಅವರ ಹೆಂಡತಿ ಲವಾನ್, ನಮ್ಮ ಮನೆಯವರು ಬಚ್ಚಲಲ್ಲಿ ಹಾಡಿದರೆ ನಲ್ಲಿ ಕೆಟ್ಟಿದೆಯೇನೋ ಅನ್ನಿಸುತ್ತದೆ ಎನ್ನುತ್ತಿದ್ದಳು.

ಪ್ರತಿ ಮಂಗಳವಾರ ಸಂಜೆ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಅಭ್ಯಾಸ. ಬೀಗ ತೆಗೆದು ಕಾಫಿ ಕಾಯಿಸಿಡುವ ಕೆಲಸ ನನ್ನದು. ಮೂವತ್ತು ಜನರಿದ್ದ ಗುಂಪು ಹದಿಮೂರಕ್ಕೆ ಇಳಿದದ್ದನ್ನು ನಾನು ಕಾಫಿ ಪುಡಿಯ ಅಳತೆಯಲ್ಲೇ ಕಂಡವಳು. ಇದ್ದ ಹದಿಮೂರರಲ್ಲಿ ಲೀಡ್‌ನವರ ದನಿ ಸಣ್ಣದು. ಆದ್ದರಿಂದ ಆರ್ಲಿನ್ ಕೈ ಆಡಿಸುತ್ತಲೇ ಅವರ ರಾಗವನ್ನೂ ಎದುರಿನಿಂದ ಗಟ್ಟಿಯಾಗಿ ಹಾಡುತ್ತಿದ್ದರು. ಬೇಸ್ ತಡವಾದರೆ ಕತ್ತು ಒಳಗೆಳೆದುಕೊಂಡು ಬೇಸ್ ಹಾಡುತ್ತಿದ್ದರು. ಅಭ್ಯಾಸ ಮುಗಿಯುವ ಹೊತ್ತಿಗೆ ಅಂಗಿಯ ಬೆನ್ನು ಒದ್ದೆ. ಕಾಫಿಗೆ ಥ್ಯಾಂಕ್ಸ್ ಹೇಳಲೂ ದನಿ ಇರುತ್ತಿರಲಿಲ್ಲ, ಕೈ ಎತ್ತಿ ಹೋಗುತ್ತಿದ್ದರು. ಅವರಿಗಾಗಿ ನಾನು ಪ್ರಾರ್ಥಿಸಿದ್ದುಂಟು. ಏನು ಬೇಡಬೇಕೆಂದು ಗೊತ್ತಿಲ್ಲದೆ, ಸ್ವಲ್ಪ ನಿದ್ದೆ ಕೊಡು ಎಂದು ಬೇಡುತ್ತಿದ್ದೆ.

ಆಗಸ್ಟ್‌ನಲ್ಲಿ ನಿರ್ದೇಶಕರಿಗೆಂದು ಶನಿವಾರ, ಭಾನುವಾರ ಎರಡು ದಿನದ ತರಬೇತಿ ಇತ್ತು. ಊರಿನಿಂದ ಎರಡು ಗಂಟೆ ದೂರದ ಒಂದು ಕಾಲೇಜಿನಲ್ಲಿ. ಆರ್ಲಿನ್ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದರು, ಲವಾನ್‌ಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿ ಇತ್ತು. ಹಾಗಾಗಿ ಕಾರು ಓಡಿಸಿದವಳು ನಾನು. ಜೋಳದ ಹೊಲಗಳ ನಡುವೆ ಅರ್ಧ ದಾರಿ ಕಳೆದ ಮೇಲೆ ಅವರು ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದರು.

"ರಾಜೀನಾಮೆ. ಬರೋ ಮಂಗಳವಾರ ಕೊಟ್ಬಿಡ್ತೀನಿ."

ಹಾಗಿದ್ದರೆ ಈ ತರಬೇತಿ ಯಾಕೆ ಎಂದು ಕೇಳಿದೆ.

"ಹೆಸರು ಕೊಟ್ಟಾಗಿತ್ತಲ್ಲ," ಎಂದರು.

ಅವರು ಬಿಟ್ಟರೆ ಮುಂದೆ ನಿಲ್ಲಲು ಇನ್ನೊಬ್ಬರಿಲ್ಲ. ಇಬ್ಬರನ್ನು ಕೇಳಿ ನೋಡಿದ್ದರು. ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬನಿಗೆ ನಾಚಿಕೆ. ಕಾಗದ ಕೈಬದಲಾದ ದಿನ ಅರುವತ್ತು ವರ್ಷದ ಗುಂಪು ಮುಚ್ಚುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಊಟದ ಡಬ್ಬಿಯ ಮೊಟ್ಟೆ ಸ್ಯಾಂಡ್‌ವಿಚ್ ತಿಂದೆವು.

ಕಾಲೇಜಿನ ಮೆಟ್ಟಿಲು, ಕಾರಿಡಾರು, ಗಂಡಸರ ಶೌಚಾಲಯದ ಬಾಗಿಲು, ಎಲ್ಲಿ ನೋಡಿದರೂ ಪರಸ್ಪರ ಪರಿಚಯವಿಲ್ಲದ ನಾಲ್ವರು ತಲೆಗೆ ತಲೆ ತಾಗಿಸಿ ಯಾವುದೋ ಹಾಡಿನ ಕೊನೆಯ ಎರಡು ಸಾಲು ಹಾಡಿ, ಕೈ ಕುಲುಕಿ ಬೇರೆಯಾಗುತ್ತಿದ್ದರು. ಈ ಜನರ ರೂಢಿಯೇ ಹಾಗೆ. ಬ್ಯಾರಿಟೋನ್ ಹಾಡುವವರು ಯಾವಾಗಲೂ ಕಡಿಮೆ ಬೀಳುತ್ತಾರೆ. ಮೂರು ಸಲ ಯಾರೋ ಆರ್ಲಿನ್ ಅವರ ತೋಳು ಹಿಡಿದು ಕರೆದರು. ಮೂರು ಸಲವೂ ಅವರು ಗಂಟಲು ತೋರಿಸಿ ಬಿಡಿಸಿಕೊಂಡರು. ಮೊದಲಾದರೆ ಊಟ ಬಿಟ್ಟು ಹೋಗುತ್ತಿದ್ದ ಮನುಷ್ಯ.

ಮಧ್ಯಾಹ್ನ ಒಬ್ಬೊಬ್ಬ ನಿರ್ದೇಶಕರೂ ಅಭ್ಯಾಸಕ್ಕೆಂದು ಬಂದಿದ್ದ ಇಪ್ಪತ್ತು ಹಾಡುಗಾರರ ಮುಂದೆ ನಿಲ್ಲಬೇಕಿತ್ತು. ಕಲಿಸುವವರು ಮಾರ್ಗಿ ಡೆಕಿಂಗ್, ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದ ಎಪ್ಪತ್ತು ದಾಟಿದ ಹೆಂಗಸು. ನಾನು ಹಿಂದಿನ ಸಾಲಿನಲ್ಲಿ ಹೆಣಿಗೆ ಹಿಡಿದು ಕುಳಿತಿದ್ದೆ. ಆರ್ಲಿನ್ ಶ್ರುತಿ ಕೊಟ್ಟು ಕೈ ಎತ್ತಿದರು. ಎಂಟು ಸಾಲು ಹಾಡುವಷ್ಟರಲ್ಲಿ ಮಾರ್ಗಿ ಚಪ್ಪಾಳೆ ತಟ್ಟಿ ನಿಲ್ಲಿಸಿದರು.

"ಚೆನ್ನಾಗಿ ಹಾಡಿದ್ರಿ," ಎಂದರು ಆರ್ಲಿನ್‌ಗೆ. "ಆದ್ರೆ ಹಾಡೋಕೆ ಆ ಇಪ್ಪತ್ತು ಜನ ಇದಾರಲ್ಲ. ಅವರು ಹೇಗೆ ಹಾಡಿದ್ರು?"

ಮಾರ್ಗಿ ಕಾಗದದ ಲೋಟದಲ್ಲಿ ನೀರು ತಂದು ಕೊಟ್ಟು, ಒಂದು ಗುಟುಕು ಬಾಯಲ್ಲಿ ಹಿಡಿದುಕೊಳ್ಳಿ, ಹಾಡು ಮುಗಿಯುವವರೆಗೆ ನುಂಗಬೇಡಿ ಎಂದರು. ಮೊದಲ ಸಲ ಎರಡನೇ ಸಾಲಿಗೇ ಅಭ್ಯಾಸಬಲದಿಂದ ಆರ್ಲಿನ್ ಅವರ ಬಾಯಿ ತೆರೆದುಕೊಂಡು ನೀರು ಟೈಯ ಮೇಲೆ ಸುರಿಯಿತು. ಎಲ್ಲರೂ ನಕ್ಕರು. ಮಾರ್ಗಿ ಮಾತ್ರ ನಗದೆ ಲೋಟ ಮತ್ತೆ ತುಂಬಿದರು.

ಎರಡನೆಯ ಸಲ ಬಾಯಿ ಬಿಗಿದುಕೊಂಡೇ ನಿಂತರು. ಮಾಡಲು ಬೇರೇನೂ ಇಲ್ಲದೆ ಕೈಗಳು ನಿಧಾನವಾದವು. ಕೊನೆಯ ಸ್ವರದಲ್ಲಿ ನಾಲ್ಕೂ ದನಿ ಸರಿಯಾಗಿ ಕೂಡಿದಾಗ ಅವುಗಳ ಮೇಲೆ ಯಾರೂ ಹಾಡದ ಐದನೆಯದೊಂದು ದನಿ ತೆಳ್ಳಗೆ ಎದ್ದು ನಿಂತಿತು. ಬಾರ್ಬರ್‌ಶಾಪ್‌ನವರು ಜೀವ ಬಿಡುವುದೇ ಆ ದನಿಗಾಗಿ. ಅದು ನನ್ನ ಕಿವಿಗೂ ಬಿತ್ತು. ಆರ್ಲಿನ್ ಕೈ ಇಳಿಸುವುದನ್ನೇ ಮರೆತರು. ಪಾಪ, ಹಾಡುಗಾರರ ಉಸಿರು ಮುಗಿದು ಒಬ್ಬೊಬ್ಬರೇ ಬಿಟ್ಟರು.

ಭಾನುವಾರ ಊಟವಾದ ಮೇಲೆ ಹೊರಟೆವು. ದಾರಿಯಲ್ಲಿ ಅವರು, ತಾನು ಆ ಐದನೆಯ ದನಿ ಕೇಳಿ ಹನ್ನೊಂದು ವರ್ಷವಾಗಿತ್ತು, ಸಾಲಿನಲ್ಲಿ ನಿಂತು ಹಾಡುತ್ತಿದ್ದಾಗ ಕೇಳಿದ್ದೇ ಕೊನೆ ಎಂದರು. ಕಾಗದದ ವಿಷಯ ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಂಗಿಯ ಜೇಬಿನಿಂದ ಅದರ ತುದಿ ಕಾಣುತ್ತಿತ್ತು.

ಮಂಗಳವಾರ ಬಂದವರು ಹನ್ನೆರಡು ಜನ. ಆರ್ಲಿನ್ ಸೀದಾ ನನ್ನ ಹತ್ತಿರ ಬಂದು ಒಂದು ಲೋಟ ನೀರು ಕೇಳಿದರು. ಶ್ರುತಿ ಕೊಟ್ಟು, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕೈ ಎತ್ತಿದರು. ಬೇಸ್‌ನ ಗೇಲನ್, ಕೋಳಿ ಸಾಕುವವನು, ಸುಮ್ಮನಿರುವ ಪೈಕಿ ಅಲ್ಲ.

"ಏನೋ, ಹಲ್ಲು ಕೀಳಿಸ್ಕೊಂಡು ಬಂದ್ಯಾ?" ಎಂದ.

ಆರ್ಲಿನ್ ತಲೆಯಾಡಿಸಿ ಕೈ ಬೀಸಿದರು. ಹಾಡು ಎರಡನೇ ಸಾಲಿಗೇ ಮುರಿದು ಬಿತ್ತು. ಹನ್ನೊಂದು ವರ್ಷ ಅವರ ಬಾಯಿ ನೋಡಿ ಹಾಡಿದವರು. ಬಾಯಿ ಮುಚ್ಚಿದ್ದರೆ ಎಲ್ಲಿ ಶುರು ಮಾಡಬೇಕೆಂದು ಲೀಡ್‌ನವರಿಗೆ ತಿಳಿಯಲಿಲ್ಲ. ಮತ್ತೆ ಶುರು ಮಾಡಿಸಿದರು, ಮತ್ತೆ ನಿಂತಿತು. ಮೂರನೆಯ ಸಲ ಹೇಗೋ ಕೊನೆ ಮುಟ್ಟಿತು. ಆರ್ಲಿನ್ ನೀರು ನುಂಗಿ ಪಿಚ್ ಪೈಪ್ ಊದಿದರು. ಗುಂಪು ಮೊದಲ ಶ್ರುತಿಗಿಂತ ಎಷ್ಟೋ ಕೆಳಗೆ ಇಳಿದಿತ್ತು. ಎಲ್ಲರಿಗೂ ಕೇಳಿಸಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಕಾಫಿ ಪಾತ್ರೆಯ ಬಳಿಯೇ ಕಣ್ಣು ಮುಚ್ಚಿದೆ, ಈಗ ಕಾಗದ ತೆಗೆಯುತ್ತಾರೆ ಎಂದುಕೊಂಡು.

"ಇಷ್ಟು ವರ್ಷ ನಾವು ಹೀಗೇ ಹಾಡ್ತಿದ್ವೇನೋ?" ಎಂದ ಗೇಲನ್. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಗೊತ್ತಿಲ್ಲ ಗೇಲನ್," ಎಂದರು ಆರ್ಲಿನ್. "ನಾನು ಕೇಳಿಸ್ಕೊಂಡೇ ಇರ್ಲಿಲ್ಲ."

ಆಮೇಲೆ ಜೇಬಿನಿಂದ ಆ ಕಾಗದವನ್ನು ತೆಗೆದೇಬಿಟ್ಟರು. ಅದನ್ನು ಬೋರಲು ಹಾಕಿ, ಮಡಿಕೆಯನ್ನು ಮೇಜಿನ ಮೇಲೆ ಅಂಗೈಯಿಂದ ಸವರಿ, ನನ್ನ ಬಳಿ ಪೆನ್ಸಿಲ್ ಇದೆಯೇ ಎಂದರು. ಹಿಂಬದಿಯಲ್ಲಿ ಬರೆದರು: ಎರಡನೇ ಸಾಲು, ಲೀಡ್. ಗೇಲನ್, ಉಸಿರು. ಕೊನೆಯ ಸ್ವರ, ಬ್ಯಾರಿಟೋನ್ ಜಾಸ್ತಿ. ಬರೆಯುತ್ತಾ ಬರೆಯುತ್ತಾ ಪುಟ ತುಂಬಿತು. ಹನ್ನೆರಡು ಜನರೂ ಕುರ್ಚಿ ಎಳೆದುಕೊಂಡು ಕಾದರು.

ಅಭ್ಯಾಸ ಮುಗಿದಾಗಲೂ ಐದನೆಯ ದನಿ ಬಂದಿರಲಿಲ್ಲ. ಆರ್ಲಿನ್ ಭುಜ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು. ದಣಿವೇನೂ ಕಡಿಮೆಯಾದಂತೆ ಕಾಣಲಿಲ್ಲ. ಕ್ರಿಸ್‌ಮಸ್ ಹಾಡುಗಳವರೆಗೆ ನೋಡುವುದಾಗಿಯೂ, ಅದಕ್ಕಿಂತ ಮುಂದಿನ ಮಾತು ಕೊಡಲಾರೆನೆಂದೂ ಗೇಲನ್‌ಗೆ ಹೇಳಿದರು. ಹೋಗುವಾಗ ನನ್ನತ್ತ ತಿರುಗಿ, ಬಹಳ ವರ್ಷಗಳ ಮೇಲೆ, ಕಾಫಿ ಚೆನ್ನಾಗಿತ್ತು ಎಂದು ಬಾಯಿಬಿಟ್ಟು ಹೇಳಿದರು.

ಈಗ ಮಂಗಳವಾರ ಕಾಫಿಯ ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಡುತ್ತೇನೆ.