ಬಾಲ ಎತ್ತಿದ ಕುರಿ

ಮನೆಯ ಪ್ರತಿಯೊಂದು ಸ್ಟೀಲಿನ ಪಾತ್ರೆಯ ಮೇಲೂ ಯಾರದಾದರೂ ಹೆಸರು ಇರುತ್ತಿದ್ದ ಕಾಲ ಅದು. ತಂಬಿಗೆಯ ಕೊರಳಿನ ಕೆಳಗೆ, ತಾಟಿನ ಅಂಚಿಗೆ, ಕೊಡದ ಹೊಟ್ಟೆಯ ಮೇಲೆ ಸಣ್ಣ ಚುಕ್ಕೆಗಳಲ್ಲಿ ಮೂಡಿಸಿದ ಹೆಸರು. ಲಗ್ನಕ್ಕೆ ಸೋದರಮಾವ ಕೊಟ್ಟದ್ದು, ಬಸಿರಿನ ಕುಬಸಕ್ಕೆ ತವರಿನವರು ಕೊಟ್ಟದ್ದು, ಹೊಸ ಮನೆಗೆ ಬೀಗರು ಕೊಟ್ಟದ್ದು ಎಂದೆಲ್ಲ ಅದರಲ್ಲೇ ತಿಳಿಯುತ್ತಿತ್ತು. ಆ ಪಾತ್ರೆಗಳನ್ನು ದಿನಕ್ಕೆ ಹತ್ತು ಸಲ ಹಿಡಿಯುತ್ತಿದ್ದೆವು, ಬೂದಿ ಹಚ್ಚಿ ತಿಕ್ಕುತ್ತಿದ್ದೆವು, ಬೋರಲು ಹಾಕುತ್ತಿದ್ದೆವು. ಆ ಹೆಸರನ್ನು ಒಬ್ಬ ಮನುಷ್ಯ ಕೂತು ಬರೆದಿದ್ದಾನೆ ಎಂಬ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ನನಗೆ ಬರುತ್ತಿತ್ತು. ಗೋಕಾಕದ ಪ್ಯಾಟಿಯಲ್ಲಿ ಹಾಗೆ ಬರೆಯುತ್ತಿದ್ದವನು ನಮ್ಮ ಅಪ್ಪ.

ಅಪ್ಪ ಹೋಗಿ ಮೂರು ತಿಂಗಳಾಯಿತು. ಸಂಜೆ ಹೊತ್ತು ಕೈ ಖಾಲಿಯಾದಾಗ ನನಗೆ ಒಂದು ಬೇಸಿಗೆ ಮತ್ತೆ ಮತ್ತೆ ನೆನಪಾಗುತ್ತದೆ. ನಾನಾಗ ನಾಲ್ಕನೇ ಇಯತ್ತೆ ಮುಗಿಸಿದ್ದೆ. ತೊಂಬತ್ತರ ದಶಕ ಇನ್ನೂ ಮುಗಿದಿರಲಿಲ್ಲ.

ಅಪ್ಪ ಕೂರುತ್ತಿದ್ದುದು ಪಾತ್ರೆ ಮಾರುವ ಒಂದು ಭಾಂಡೆ ಅಂಗಡಿಯ ಕಟ್ಟೆಯ ಮೇಲೆ. ಒಂದು ತುಂಡು ಗೋಣಿ, ಪಾತ್ರೆ ಅಲುಗದಂತೆ ಒತ್ತಿಡಲು ಮರಳಿನ ಚೀಲ, ಬೆರಳುದ್ದದ ಉಳಿ, ಸಣ್ಣ ಸುತ್ತಿಗೆ. ಅಷ್ಟೇ ಅವನ ಸಾಮಾನು. ಟಿಕ್ ಟಿಕ್ ಟಿಕ್ ಎಂದು ಚುಕ್ಕೆಯ ಪಕ್ಕ ಚುಕ್ಕೆ ಇಡುತ್ತ ಹೋದರೆ ಹೆಸರು ಮೂಡುತ್ತಿತ್ತು. ಏಪ್ರಿಲ್ ಬಂತೆಂದರೆ ಲಗ್ನದ ಸೀಜನ್. ಮೂಡಲಗಿ, ಅರಭಾವಿ, ಹುಕ್ಕೇರಿ ಕಡೆಯಿಂದ ಜನ ಬಸ್ಸಿಳಿದು ನೇರ ಅಂಗಡಿಗೆ ಬರುತ್ತಿದ್ದರು. ಹೊಸ ಸ್ಟೀಲಿಗೆ ಸುತ್ತಿದ ಕಾಗದದ ವಾಸನೆ, ಎದುರಿನ ಅಂಗಡಿಯಲ್ಲಿ ಕರದಂಟಿಗೆ ಅಂಟು ಹುರಿಯುವ ತುಪ್ಪದ ವಾಸನೆ, ಬಸ್ಸುಗಳ ಧೂಳು ಎಲ್ಲ ಅಲ್ಲೇ ಕಲೆಯುತ್ತಿದ್ದವು.

ಮಧ್ಯಾಹ್ನ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ನಾನು ಹೋಗುತ್ತಿದ್ದೆ. ಊಟವಾದ ಮೇಲೆ ಅಪ್ಪ ನನ್ನನ್ನು ಬಾಜೂ ಕೂರಿಸಿಕೊಂಡು, ಗಿರಾಕಿ ಕೊಟ್ಟ ಚೀಟಿ ನನ್ನ ಕೈಗಿಡುತ್ತಿದ್ದ.

“ಓದು ನೋಡೂನು. ಸಾಲ್ಯಾಗ ಏನ್ ಕಲ್ತೀದಿ ಅಂತ ಗೊತ್ತಾಗ್ಲಿ.”

ನಾನು ದೊಡ್ಡ ದನಿಯಲ್ಲಿ ಓದುತ್ತಿದ್ದೆ. ಒಳಗೆ ಗಾದಿಯ ಮೇಲೆ ಕೂತ ಸಾವಕಾರರು ನಗುತ್ತಿದ್ದರು. “ಮಲ್ಲಪ್ಪ, ಮಗಳ್ನ ಮಾಸ್ತರಬಾಯಿ ಮಾಡಾಂವ ಏನಪಾ?” ಎನ್ನುತ್ತಿದ್ದರು. “ಮಾಡೂನ್ರಿ ಸಾವಕಾರ್ರ” ಎಂದು ಅಪ್ಪನೂ ನಗುತ್ತಿದ್ದ.

ಅವನಿಗೆ ಚೀಟಿಯ ಅಕ್ಷರ ಕಾಣುತ್ತಿರಲಿಲ್ಲ. ಇದು ನನಗೆ ತಿಳಿದದ್ದು ಆ ಬೇಸಿಗೆಯಲ್ಲೇ. ಮನೆಗೆ ನಡೆಯುವಾಗ ನನ್ನ ಹೆಗಲ ಮೇಲೆ ಕೈಯಿಡುತ್ತಿದ್ದ. ಅದು ಮಮತೆ ಎಂದುಕೊಂಡಿದ್ದೆ. ಒಂದು ಸಂಜೆ ನಾನು ಕೈ ಬಿಡಿಸಿಕೊಂಡು ಮುಂದೆ ಓಡಿದಾಗ, ರಸ್ತೆಯ ನಡುವೆ ನಿಂತಿದ್ದ ಕೈಗಾಡಿಗೆ ಹೋಗಿ ತಾಕಿದ. ಆಗ ಅಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳಿದ. ಬೆಳಗಾವಿಯ ಡಾಕ್ಟರು ಒಳಗಿನ ನರ ಒಣಗುತ್ತಿದೆ, ಆಪರೇಷನ್ ಮಾಡಿದರೂ ಉಪಯೋಗವಿಲ್ಲ ಎಂದಿದ್ದರಂತೆ. ಅಕ್ಷರಗಳನ್ನು ಕೈಯ ರೂಢಿಯ ಮೇಲೆ ಬರೆಯುತ್ತಿದ್ದ. ಎಡಗೈ ಹೆಬ್ಬೆರಳು ಹಿಂದಿನ ಚುಕ್ಕೆಯ ಮೇಲೆ, ಉಳಿ ಅದರ ಮುಂದೆ.

“ಸಾವಕಾರ್ರಿಗೆ ಗೊತ್ತಾದ್ರ ಕಟ್ಟಿ ಬಿಡಬೇಕಾಗ್ತೈತಿ. ಹೊಡದದ್ದು ಅಳಸಾಕ ಬರೂದಿಲ್ಲಲ್ಲ. ಕಾಣದಾಂವನ ಕೈಯಾಗ ಹೊಸಾ ಭಾಂಡೆ ಯಾರ ಕೊಡ್ತಾರ? ನೀ ಸುಮ್ನ ಓದಕೋತ ಹೋಗ, ಸುಮಿ.”

ಅಂದಿನಿಂದ ನನಗೆ ಇನ್ನೊಂದು ಕೆಲಸ ಬಂತು. ಮನೆಯ ದಾರಿಯಲ್ಲಿ ಅಪ್ಪ ಕೇಳುತ್ತಿದ್ದ, “ಇವತ್ತ ಏನ್ ನೋಡಿದಿ?” ಅರಿವೆ ಅಂಗಡಿಯವ ಸೀರೆ ಬಿಚ್ಚಿ ಗಿರಾಕಿಯ ಮುಂದೆ ಒಗೆಯುತ್ತಾನೆ ಎಂದರೆ ಸಾಕಾಗುತ್ತಿರಲಿಲ್ಲ. ಮೊದಲು ಸೆರಗು ಬೀಳುತ್ತದೋ ಅಂಚೋ? ಬಿದ್ದ ಮೇಲೆ ನಡುವೆ ಗಾಳಿ ನಿಲ್ಲುತ್ತದೋ ಇಲ್ಲವೋ? ಪಂಕ್ಚರ್ ತೆಗೆಯುವವನ ನೀರಿನ ಬುಟ್ಟಿಯಲ್ಲಿ ಗುಳ್ಳೆ ಒಂದೊಂದೇ ಏಳುತ್ತವೋ ಸಾಲಾಗಿಯೋ? ನನಗೆ ತಿಳಿಯದಿದ್ದರೆ ಮರುದಿನ ಹೋಗಿ ನೋಡಬೇಕು. ಸೀರೆಯ ನಡುವೆ ಖರೆಯೇ ಗಾಳಿ ನಿಲ್ಲುತ್ತಿತ್ತು, ಹಾಸಿಗೆಯಲ್ಲಿ ಮಗು ಮಲಗಿದಷ್ಟು ಉಬ್ಬಿ, ಆಮೇಲೆ ಮೆಲ್ಲಗೆ ಕೂರುತ್ತಿತ್ತು. ಅಪ್ಪ ಕೇಳದಿದ್ದರೆ ನಾನು ಅದನ್ನು ಜನ್ಮದಲ್ಲಿ ನೋಡುತ್ತಿರಲಿಲ್ಲ.

ಹಾಗಿರುವಾಗ ಒಂದು ದಿನ ಬಾಳವ್ವ ಬಂದಳು. ಹತ್ತರಗಿ ಕಡೆಯ ಕುರಿ ಕಾಯುವ ಮನೆತನದವಳು. ದೊಡ್ಡ ಕುಂಕುಮ, ಹೆಗಲ ಮೇಲೆ ಮಡಿಸಿದ ಕಂಬಳಿ. ಮಗಳ ಲಗ್ನಕ್ಕೆ ತಂಬಿಗೆ, ತಾಟು, ಕೊಡ, ಡಬರಿ, ಪರಾತ ಎಂದು ಐದು ಪಾತ್ರೆ ಆರಿಸಿ ಅಪ್ಪನ ಮುಂದೆ ಇಟ್ಟಳು.

“ಹೆಸರ ಏನ್ ಹಾಕ್ಲಿ ಯವ್ವಾ?”

“ಹೆಸರ ಬ್ಯಾಡ್ರಿ ಅಣ್ಣಾರ, ಕುರಿ ಹಾಕ್ರಿ.”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಳವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

“ನಗಬ್ಯಾಡ್ರಿ. ಮಂದಿ ಲಗ್ನಕ್ಕ ಭಾಂಡೆ ಎರವಲಾ ಕೊಡ್ತೇವಿ, ತಿರುಗಿ ಬರೂವಾಗ ಯಾರದೋ ಬರ್ತಾವು. ಹೆಸರ ಇರ್ತೈತಿ, ಓದಾವ್ರ ಯಾರ? ನನಗೂ ಬರೂದಿಲ್ಲ, ನನ್ನ ಮಗಳಿಗೂ ಬರೂದಿಲ್ಲ. ಕುರಿ ಇದ್ರ ಗುರ್ತ ಹಿಡೀತೇವಿ.”

ಅಪ್ಪ ತಂಬಿಗೆಯ ಹೊಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ. ಜನ್ಮದಲ್ಲಿ ಚಿತ್ರ ತೆಗೆದವನಲ್ಲ. ಆಮೇಲೆ, “ಮೊದ್ಲ ತಂಬಿಗಿ ಮ್ಯಾಲ ತಗೀತೇನಿ. ನಾಳೆ ಬಂದು ನೋಡ್ರಿ, ಚೊಲೋ ಅನಸಿದ್ರ ಉಳದದ್ದು” ಎಂದ. ಅವಳು ಹೋದ ಮೇಲೆ ನನ್ನನ್ನು ಹತ್ತಿರ ಕರೆದು, “ಹೊಳಿ ದಂಡಿಗೆ ಕುರಿ ನೀರಿಗೆ ಬರ್ತಾವು. ಹೋಗಿ ಚಂದಂಗ ನೋಡಿ ಬಾ” ಎಂದ.

ಹೊಳೆ ದೂರ, ಬಿಸಿಲು ಸುಡುತ್ತಿತ್ತು. ದಾರಿಯಲ್ಲಿ ಕಾಯಿಪಲ್ಲೆ ಪ್ಯಾಟಿಯ ಹಿಂದೆ ಗೆಳತಿಯ ಮನೆ. ಅವಳು ನೆರಳಲ್ಲಿ ಆಣಿಕಲ್ಲಾಟದ ಹರಳು ಹರಡಿಕೊಂಡು ಕೂತಿದ್ದಳು. ಒಂದು ಆಟ ಎಂದು ಕೂತವಳು ನಾಲ್ಕು ಆಟ ಆಡಿದೆ. ಎದುರಿಗೇ ಒಂದು ಕರಿ ಪ್ರಾಣಿ ಕೊಳೆತ ಕೋಬಿಗಡ್ಡೆಯ ಎಲೆ ತಿನ್ನುತ್ತಿತ್ತು. ಜೋಲು ಕಿವಿ, ಸಣ್ಣ ಮೈ. ಕುರಿಯೂ ಹೀಗೇ ಇರುತ್ತದೆ ಎಂದುಕೊಂಡು ಅದನ್ನೇ ನೋಡಿಕೊಂಡು ಹೋದೆ. ಅಪ್ಪ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಕಿವಿ ಗದ್ದದ ತನಕ, ಮುಂಗಾಲ ಮೊಣಕಾಲಿನಲ್ಲಿ ಗಂಟು.

“ಬಾಲ?”

“ಗಿಡ್ಡದ್ದು. ಮ್ಯಾಲ ನಿಂತಿರ್ತೈತಿ ಅಪ್ಪಾ.”

ಅಪ್ಪ ಹಾಗೆಯೇ ತೆಗೆದ. ತಂಬಿಗೆಯ ಹೊಟ್ಟೆಯ ಮೇಲೆ ಅಂಗೈಯಷ್ಟು ಅಗಲದ ಪ್ರಾಣಿ, ಚುಕ್ಕೆ ಚುಕ್ಕೆ. ನನಗಂತೂ ಅದು ಈಗ ನಡೆದು ಹೋಗುತ್ತದೆ ಅನ್ನಿಸಿತು.

ಮರುದಿನ ಬಾಳವ್ವ ತಂಬಿಗೆ ತಿರುಗಿಸಿ ನೋಡಿದವಳು ಸೆರಗು ಬಾಯಿಗೆ ಹಿಡಿದು ನಗತೊಡಗಿದಳು.

“ಅಣ್ಣಾರ, ಇದು ಆಡ್ರಿ. ಕುರಿ ಎಲ್ಲೆ ಬಾಲ ಎತ್ತತೈತಿ? ಕುರಿ ಬಾಲ ಕೆಳಗ, ಆಡಿನ ಬಾಲ ಮ್ಯಾಲ. ನಮ್ಮ ಮೂರ ವರ್ಷದ ಕೂಸಿನ್ನ ಕೇಳ್ರಿ.”

ಗಿರಾಕಿಗಳೆಲ್ಲ ನಕ್ಕರು. ಸಾವಕಾರರು ನಗಲಿಲ್ಲ. ಗಾದಿಯಿಂದ ಎದ್ದು ಬಂದು ತಂಬಿಗೆ ಕೈಗೆ ತೆಗೆದುಕೊಂಡರು.

“ಹೊಸಾ ತಂಬಿಗಿ ಕೆಡಸಿದಿ. ಆಡು ಯಾವುದು ಕುರಿ ಯಾವುದು ಕಾಣೂದಿಲ್ಲೇನು ಮಲ್ಲಪ್ಪ ನಿನಗ?”

ಕಾಣೂದಿಲ್ಲೇನು ಎಂಬ ಮಾತು ಬಿದ್ದದ್ದೇ ನಾನು ಅಪ್ಪನ ಬಾಜೂ ಸರಿದು ಕೂತೆ. ನಾನು ಹೊಳೆಗೆ ಹೋಗಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ, ನೀನೇಕೆ ನೋಡಬೇಕಿತ್ತು ಎಂದು ಕೇಳುತ್ತಿದ್ದರು. ಅಪ್ಪ ತಲೆ ತಗ್ಗಿಸಿ, “ನಂದ ತಪ್ಪಾತ್ರಿ” ಎಂದ. ತಂಬಿಗೆ ಇಸಿದುಕೊಳ್ಳಲು ಕೈ ಚಾಚಿದ. ಆ ಕೈ ತಂಬಿಗೆಯನ್ನು ದಾಟಿ ಒಂದು ಗೇಣು ಆಚೆ ಹೋಯಿತು.

ಸಾವಕಾರರು ಅಷ್ಟರಲ್ಲಿ ಯಾರದೋ ಕರೆಗೆ ಒಳಗಡೆ ಮುಖ ತಿರುಗಿಸಿದ್ದರು. ಬಾಳವ್ವ ನೋಡಿದಳು. ಅವಳ ನಗೆ ನಿಂತಿತು. ಸಾವಕಾರರ ಕೈಯಿಂದ ತಂಬಿಗೆ ತಾನೇ ತೆಗೆದುಕೊಂಡು ಅಪ್ಪನ ಅಂಗೈಯಲ್ಲಿ ಇಟ್ಟಳು.

“ಇರ್ಲಿ ಬಿಡ್ರಿ ಸಾವಕಾರ. ನಮ್ಮ ಹಿಂಡಿನ್ಯಾಗ ಎರಡ ಆಡೂ ಅದಾವು. ತಂಬಿಗಿ ಆಡಿಂದ ಆಗ್ಲಿ, ಉಳದವು ಕುರೀವು. ನಾನ ಹಾಂಗ ಹೇಳಿದ್ದೆ, ಈಗ ಮರ್ತೆ.”

“ಹಾಂಗ ಹೇಳಿದ್ದೇನು?” ಎಂದರು ಸಾವಕಾರರು.

“ಹೌದ್ರಿ, ನಾನ.”

ಹೋಗುವ ಮುಂದೆ ಅಪ್ಪನ ಬಳಿ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದಳು, “ಅರಭಾವಿ ಹಾದ್ಯಾಗ ಕಬ್ಬ ಕಡದ ಹೊಲದಾಗ ನಮ್ಮ ಹಿಂಡ ಕುಂತೈತಿ. ಅಂಗಡಿ ಸೂಟಿ ದಿನಾ ಬರ್ರಿ. ಕುರಿ ಹ್ಯಾಂಗಿರ್ತೈತಿ, ಕೈಲೆ ನೋಡ್ರಿ.”

ಸೂಟಿಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಹೋದೆವು. ಇಳಿದು ಹೊಲದ ಬದುವಿನ ಮೇಲೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ. “ಅಪ್ಪಾ, ನಾ ಹೊಳಿಗೆ ಹೋಗಿರ್ಲಿಲ್ಲ” ಎಂದೆ. ಅವನು ನನ್ನ ಹೆಗಲ ಮೇಲಿನ ಕೈ ತೆಗೆಯಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, “ಆಡನ್ನ ಮಾತ್ರ ಭಾಳ ಚೊಲೋ ನೋಡಿದ್ದಿ” ಎಂದ.

ಹೊಲದ ತುಂಬ ಕಬ್ಬಿನ ಒಣಗರಿಯ ರವುದಿ, ಅದರ ನಡುವೆ ಬಲೆ ಕಟ್ಟಿ ಹಿಂಡು ತರುಬಿದ್ದರು. ಹಿಕ್ಕೆಯ, ಹಾಲಿನ, ಉಣ್ಣೆಯ ವಾಸನೆ. ಬಾಳವ್ವ ಒಂದು ಹೆಣ್ಣು ಕುರಿಯನ್ನು ಎರಡು ಕಾಲ ನಡುವೆ ಒತ್ತಿ ಹಿಡಿದಳು. ಅಪ್ಪ ಮಣ್ಣಿನಲ್ಲಿ ಮೊಣಕಾಲೂರಿ ಕೂತ. ಮೊದಲು ಹಣೆ ಮುಟ್ಟಿದ, ಆಮೇಲೆ ಉಬ್ಬಿದ ಮೂಗಿನ ದಿಂಡು, ಒದ್ದೆ ತುಟಿ. ಕಿವಿಯನ್ನು ಬುಡದಿಂದ ತುದಿಯವರೆಗೆ ಎರಡು ಬೆರಳ ನಡುವೆ ಎಳೆದ. ಹಿಂದಿನ ವಾರವಷ್ಟೇ ಉಣ್ಣೆ ಕತ್ತರಿಸಿದ್ದರು. ಕತ್ತರಿ ಹೋದ ಕಡೆಯೆಲ್ಲ ಮೈಮೇಲೆ ಗೆರೆ ಉಳಿದಿದ್ದವು, ನೇಗಿಲ ಸಾಲಿನ ಹಾಗೆ, ಬೆನ್ನಿನಿಂದ ಹೊಟ್ಟೆಯ ಕಡೆಗೆ ಬಾಗಿ.

“ಈ ಗೆರಿ ಯಾರ ಮಾಡಿದ್ದು?” ಎಂದು ಅಪ್ಪ ಕೇಳಿದ.

“ಮಾಡಿದ್ದಲ್ರಿ ಅಣ್ಣಾರ, ಕತ್ರಿಲೆ ಬೀಳ್ತಾವು. ನಮ್ಮ ಮಾವ ಕತ್ತರಸಿದ್ರ ಹಿಂಗ ಒಂದ ಸಮಾ ಬೀಳ್ತಾವು, ನನ್ನ ಗಂಡ ಕತ್ತರಸಿದ್ರ ಇಲಿ ಕಡದಂಗ.”

ದೂರ ಕೂತಿದ್ದ ಗಂಡ, “ನಿನ್ನ ತಲಿ ಕತ್ತರಸಿದ್ರ ಗೊತ್ತಾಗ್ತಿತ್ತು ತಡಿ” ಎಂದ. ಅಪ್ಪ ನಕ್ಕ. ಅವನ ಬೆರಳು ಮಾತ್ರ ಆ ಸಾಲುಗಳ ಮೇಲೆ ಹೋಗಿ ಬರುತ್ತಲೇ ಇದ್ದವು. ಕೊನೆಗೆ ಬಾಲ ಹಿಡಿದ. ಅದು ಕೆಳಗೆ ಜೋತಿತ್ತು.

ಆ ವಾರ ಅಪ್ಪ ತಾಟು, ಕೊಡ, ಡಬರಿ, ಪರಾತದ ಮೇಲೆ ನಾಲ್ಕು ಕುರಿ ತೆಗೆದ. ನನ್ನನ್ನು ಒಂದೂ ಕೇಳಲಿಲ್ಲ. ಮೈಮೇಲೆ ಕತ್ತರಿಯ ಸಾಲುಗಳನ್ನು ಚುಕ್ಕೆಯಲ್ಲಿ ಬಾಗಿಸಿ ಇಟ್ಟಿದ್ದ. ಕೊಡ ತಿರುಗಿಸಿದರೆ ಬಿಸಿಲು ಆ ಸಾಲುಗಳ ಮೇಲೆ ಜಾರುತ್ತಿತ್ತು. ತೆಗೆದುಕೊಂಡು ಹೋಗಲು ಬಂದ ಬಾಳವ್ವ ಕೊಡದ ಮೇಲಿನ ಸಾಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, “ಇದು ನಮ್ಮ ಮಾವ ಕತ್ತರಸಿದ್ದ ಕುರಿ” ಎಂದಳು.

ಅಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅಪ್ಪ ಉಳಿ, ಸುತ್ತಿಗೆಯನ್ನು ಗೋಣಿಯಲ್ಲಿ ಸುತ್ತಿ ಸಾವಕಾರರ ಮುಂದೆ ಇಟ್ಟ.

“ನನಗ ಕಾಣೂದಿಲ್ರಿ ಸಾವಕಾರ್ರ. ಎರಡ ವರ್ಷದಿಂದ ಕಮ್ಮಿ ಆಗಕೋತ ಬಂತು.”

ಸಾವಕಾರರು ಕೀಲಿಕೈ ಹಿಡಿದು ನಿಂತಲ್ಲೇ ನಿಂತರು. “ಮತ್ತ ಚೀಟಿ ಯಾರ ಓದ್ತಿದ್ರು?” ಎಂದರು. ಕೇಳಿದವರೇ ನನ್ನ ಕಡೆ ನೋಡಿದರು. ಆ ಸೀಜನ್ ಮುಗಿಯುವ ತನಕ ಕೂರು ಎಂದರು. ಆಮೇಲೆ ಕಟ್ಟೆಗೆ ಕರೆಂಟಿನ ಮಷೀನಿನವನು ಬಂದ. ಅಪ್ಪನಿಗೆ ಒಳಗೆ ಪಾತ್ರೆಗಳಿಗೆ ಕಾಗದ ಸುತ್ತಿ ಕಟ್ಟುವ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಪಗಾರಕ್ಕೆ.

ಅಂದು ಸಂಜೆ ಮನೆಗೆ ಬರುವಾಗ ನಾನು ಅತ್ತೆ. ಯಾಕೆ ಹೇಳಿದಿ, ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದೆ.

“ಆ ಹೆಣ್ಮಗಳು ನನ್ನ ಸಲುವಾಗಿ ಸುಳ್ಳ ಹೇಳಿದ್ಲು. ನೀನೂ ದಿನಾ ಹೇಳಾಕತ್ತಿ. ಇನ್ನ ಎಷ್ಟ ಮಂದಿ ಕಡೆ ಹೇಳಸ್ಲಿ?” ಎಂದ. ನಮ್ಮ ಓಣಿಗೆ ತಿರುಗುವಾಗ, “ಚೊಲೋ ಕೆಲಸ ಮಾಡಿದಾಗನ ಹೇಳಬೇಕ ಅನಸ್ತು” ಎಂದ.

ಹುಕ್ಕೇರಿಗೆ ಲಗ್ನವಾಗಿ ಹೋದ ಮೇಲೂ ನಾನು ಸಂಜೆ ಫೋನಿನಲ್ಲಿ ಅಪ್ಪನಿಗೆ ನೋಡಿದ್ದನ್ನು ಹೇಳುತ್ತಿದ್ದೆ. ಕೆಲಸದ ಗಡಿಬಿಡಿಯಲ್ಲಿ ಏನೂ ನೋಡದ ದಿನ ಏನೋ ಕಟ್ಟಿ ಹೇಳಿದರೆ ತಕ್ಷಣ ಹಿಡಿಯುತ್ತಿದ್ದ. ಈಗ ಪಾತ್ರೆಗೆ ಹೆಸರು ಹಾಕಿಸುವವರು ಕಡಿಮೆ. ಲಗ್ನಕ್ಕೆ ಭಾಂಡೆ ಬಾಡಿಗೆಗೆ ಬರುತ್ತವೆ, ಯಾರದೆಂದು ಗುರುತು ಹಿಡಿಯುವ ಅಗತ್ಯವಿಲ್ಲ. ಬಾಳವ್ವನ ಮಗಳ ಕೊಡ ಯಾವ ಊರಿನ ಅಡಿಗೆಮನೆಯಲ್ಲಿದೆಯೋ ನನಗೆ ಗೊತ್ತಿಲ್ಲ.

ಅಪ್ಪನ ಹದಿಮೂರನೇ ದಿನಕ್ಕೆ ಫೋಟೋ ದೊಡ್ಡದು ಮಾಡಿಸಲು ಹೋಗಿದ್ದೆ. ಇದ್ದದ್ದು ಕಣ್ಣಿಗೆ ಪೊರೆಯೂ ಬಂದಿದ್ದ ಕೊನೆಯ ವರ್ಷಗಳ ಒಂದೇ ಫೋಟೋ. ಸ್ಟುಡಿಯೋದವರು ಅದನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದರು.

“ಅಕ್ಕಾರ, ಕಣ್ಣ ಬೆಳ್ಳಗ ಬಂದಾವು. ಸರಿ ಮಾಡಿ ಕೊಡ್ತೇನಿ. ಮೊದ್ಲ ಯಾವ ಬಣ್ಣ ಇದ್ವು, ಕರೇವೋ ಕಂದೋ?”

ನಾನು ಯೋಚಿಸಿದೆ. ಹೇಳುವುದಕ್ಕೆ ಅವ್ವನೂ ಈಗಿಲ್ಲ. ಇಡೀ ಪ್ಯಾಟಿಯನ್ನು ನೋಡಿ ಬಂದು ಅಪ್ಪನಿಗೆ ಹೇಳಿದ್ದೆ. ಹೇಳುವಾಗ ಅಪ್ಪ ನನ್ನ ಕಡೆ ಮುಖ ಮಾಡಿ ಕೇಳುತ್ತಿದ್ದ, ಆ ಮುಖ ನನ್ನಿಂದ ಒಂದು ಮೊಳ ದೂರದಲ್ಲಿರುತ್ತಿತ್ತು.

“ಯಾವ ಬಣ್ಣ ಅಂತ ಹೇಳ್ರಿ ಅಕ್ಕಾರ” ಎಂದು ಅವರು ಮತ್ತೆ ಕೇಳಿದರು.

“ನೋಡಿಲ್ರಿ” ಎಂದೆ.