ಜಗಲಿಯ ಮೇಲಿನ ಬೀಜಗಣಿತ

ನಮ್ಮ ದೊಡ್ಡಮ್ಮ ಕರಿಯಮ್ಮನನ್ನು ಮಲವಗೊಪ್ಪದಲ್ಲಿ ಗಂಡುಬೀರಿ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದರು ಅನ್ನಿ. ಎದುರಿಗೆ ಕರೆಯುವ ಧೈರ್ಯ ಆ ಊರಿನ ಯಾವ ಗಂಡಸಿಗೂ ಇರಲಿಲ್ಲ. ನಾನಂತೂ ಅದನ್ನು ಬೈಗುಳ ಎಂದು ಒಪ್ಪಿಕೊಂಡವಳಲ್ಲ. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಬೀಜಗಣಿತ ಕಲಿಯಬೇಕಾದರೆ ಅಷ್ಟಾದರೂ ಜೋರು ಬೇಕಿತ್ತು.

ನಾನು ಹೇಳುತ್ತಿರುವುದು ಮೂವತ್ತಾರನೇ ಇಸವಿಯ ಮಾತು. ನಮ್ಮ ಅಜ್ಜ ಭೈರಪ್ಪ ಗದ್ದೆ ಮಾಡಿಕೊಂಡಿದ್ದವರು. ಮಗಳು ಊಟ ಬಿಟ್ಟು ಕೂತಳೆಂದು ಸೋತು ಅವಳನ್ನು ಶಿವಮೊಗ್ಗೆಯ ಹೈಸ್ಕೂಲಿಗೆ ಸೇರಿಸಿದ್ದರು. ಅಲ್ಲಿ ಹುಡುಗಿಯರಿಗೆ ಒಂದು ರಿಯಾಯಿತಿ ಇತ್ತು: ಬೀಜಗಣಿತ ಬಿಟ್ಟು ಬರೀ ಅಂಕಗಣಿತ ತೆಗೆದುಕೊಳ್ಳಬಹುದು. ಇದ್ದ ಬೆರಳೆಣಿಕೆಯ ಹುಡುಗಿಯರೆಲ್ಲ ಅದನ್ನೇ ತೆಗೆದುಕೊಂಡರು. ಆದರೆ ಬೀಜಗಣಿತ ಪಾಸಾಗದವರನ್ನು ಗಣಿತದ ಟೀಚರಾಗಿ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ, ದೊಡ್ಡಮ್ಮನಿಗೆ ಗಣಿತದ ಟೀಚರೇ ಆಗಬೇಕಿತ್ತು. ಅದಕ್ಕೆ ಗಣಿತದ ಮೇಷ್ಟ್ರು ಶ್ರೀನಿವಾಸಮೂರ್ತಿಗಳು ಒಪ್ಪಬೇಕು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಭಾನುವಾರ ಮನೆಯಲ್ಲಿ ಪಾಠ ಹೇಳುತ್ತೇನೆ, ಬಂದು ಕೂತು ನೋಡು, ಆಮೇಲೆ ಹೇಳುತ್ತೇನೆ ಎಂದರು.

ಮೇಷ್ಟ್ರ ಮನೆ ಕೋಟೆ ಬೀದಿಯಲ್ಲಿತ್ತು. ಹುಡುಗರು ನಡುಮನೆಯ ಚಾಪೆಯ ಮೇಲೆ. ದೊಡ್ಡಮ್ಮ ಹೊರಗೆ ಜಗಲಿಯ ಮೇಲೆ, ಕಿಟಕಿಯ ಪಕ್ಕ. ಅವಳಿಗೂ ಕಾಣಲೆಂದು ಮೇಷ್ಟ್ರು ಕರಿಹಲಗೆಯನ್ನು ಕಿಟಕಿಯ ಕಡೆಗೆ ತಿರುಗಿಸಿ ಇಡುತ್ತಿದ್ದರಂತೆ. ಕೆಟ್ಟವರಲ್ಲ ಅವರು. ಹಲಗೆ ತಿರುಗಿಸಲು ಹೊಳೆದವರಿಗೆ ಹುಡುಗಿಯನ್ನು ಒಳಗೆ ಕರೆಯಲು ಯಾಕೆ ಹೊಳೆಯಲಿಲ್ಲ ಎಂದು ನಾನು ಕೇಳಿದರೆ ದೊಡ್ಡಮ್ಮ, "ಅವ್ರಿಗೆ ಹೊಳೀತಿತ್ತು ಕಣೆ. ಧೈರ್ಯ ಸಾಲ್ತಿರ್ಲಿಲ್ಲ" ಅನ್ನುತ್ತಿದ್ದಳು. ನನಗೆ ಈಗಲೂ ಸಿಟ್ಟು ಬರುತ್ತದೆ.

ಒಂದು ಭಾನುವಾರದ ಪಾಠ ಅಕ್ಷರಗಳಿರುವ ಭಿನ್ನರಾಶಿ. ಗೆರೆಯ ಮೇಲೆ ಎಕ್ಸ್ ಕೂಡಿಸು ಆರು, ಗೆರೆಯ ಕೆಳಗೆ ಎಕ್ಸ್ ಕೂಡಿಸು ಮೂರು. ಇದನ್ನು ಇನ್ನೂ ಚಿಕ್ಕದು ಮಾಡಬಹುದೇ ಎಂದು ಮೇಷ್ಟ್ರು ಕೇಳಿದರು. ದೊಡ್ಡಮ್ಮ ತನ್ನ ಸ್ಲೇಟಿನಲ್ಲಿ ಮೇಲಿನ ಎಕ್ಸನ್ನೂ ಕೆಳಗಿನ ಎಕ್ಸನ್ನೂ ಹೊಡೆದು ಹಾಕಿದಳು. ಉಳಿದದ್ದು ಮೂರರ ಮೇಲೆ ಆರು. "ಎರಡು!" ಎಂದು ಕಿಟಕಿಯಿಂದಲೇ ಕೂಗಿದಳು.

"ತಪ್ಪು" ಅಂದರು ಮೇಷ್ಟ್ರು.

"ಅದ್ಹೆಂಗೆ ತಪ್ಪು ಮೇಷ್ಟ್ರೇ? ಎಕ್ಸ್ ಇದ್ದ ಕಡೆ ಸೊನ್ನೆ ಇಟ್ಟು ನೋಡಿದೀನಿ. ಎರಡೇ ಬರುತ್ತೆ."

ಮೇಷ್ಟ್ರು ನಕ್ಕರು. ಕಲಿಸುವ ಹುಮ್ಮಸ್ಸಿನಲ್ಲಿ ತಮಗೆ ತೀರಾ ಪರಿಚಯವಿದ್ದ ಉದಾಹರಣೆಯನ್ನೇ ಹಿಡಿದರು. "ನೋಡಮ್ಮ, ಕೂಡಿಸೋ ಗುರುತು ಹಾಕಿದ ಮೇಲೆ ಎಕ್ಸೂ ಮೂರೂ ಒಂದೇ ಪಂಕ್ತಿಲಿ ಕೂತ ಹಾಗೆ. ಪಂಕ್ತಿಲಿ ಊಟಕ್ಕೆ ಕೂತವರು ತಮ್ಮದು ಮುಗೀತು ಅಂತ ಒಬ್ಬರೇ ಎದ್ದು ಹೋಗ್ತಾರೇನು? ಎದ್ದರೆ ಎಲ್ಲರೂ ಒಟ್ಟಿಗೆ ಏಳಬೇಕು. ಎಕ್ಸ್ ಒಂದನ್ನೇ ಎಬ್ಬಿಸೋ ಹಾಗಿಲ್ಲ."

ಚಾಪೆಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ಅವರಿಗೇನು, ಹುಟ್ಟಿದಾಗಿನಿಂದ ಪಂಕ್ತಿಯಲ್ಲಿ ಉಂಡವರು. ದೊಡ್ಡಮ್ಮನಿಗೆ ಮಾತ್ರ ಆ ಮಾತು ಒಂದಿಷ್ಟೂ ತಲೆಗೆ ಹೋಗಲಿಲ್ಲ.

"ನಮ್ಮನೇಲಿ ಉಂಡೋರು ಎದ್ದು ಕೈ ತೊಳ್ಕೊಂಡು ಹೋಗ್ತಾರೆ ಮೇಷ್ಟ್ರೇ. ಎತ್ತು ಕಾಯ್ತಿರ್ತವೆ, ಯಾರು ಕೂತಿರ್ತಾರೆ?"

ಹುಡುಗರು ಗೊಳ್ಳೆಂದು ನಕ್ಕರು. ಮೇಷ್ಟ್ರು ಹುಬ್ಬು ಗಂಟಿಕ್ಕಿದರು. "ಪಂಕ್ತಿ ಊಟ ನೋಡೇ ಇಲ್ವೇನಮ್ಮ ನೀನು?"

"ಎಲ್ಲಿ ನೋಡ್ಲಿ? ನಿಮ್ಮ ಪಂಕ್ತಿಲಿ ನನ್ನ ಕೂರಿಸಿದ್ರೆ ತಾನೆ ಗೊತ್ತಾಗೋದು, ಯಾವಾಗ ಏಳ್ಬೇಕು ಅಂತ!"

ನಗು ನಿಂತಿತು. ಒಳಗೆ ಮೇಷ್ಟ್ರ ಹೆಂಡತಿ ಸರಸ್ವತಮ್ಮನವರ ಪಾತ್ರೆಯ ಸದ್ದೂ ನಿಂತಿತಂತೆ. ಮೇಷ್ಟ್ರ ಮುಖ ಕೆಂಪಾಯಿತು. "ನಿನಗೆ ಅಂಕಗಣಿತವೇ ಸಾಕು. ಬೀಜಗಣಿತಕ್ಕೆ ನಾನು ಒಪ್ಪೋದಿಲ್ಲ, ಹೋಗು" ಎಂದುಬಿಟ್ಟರು.

ಅವಳು ಅಳುತ್ತಾ ಮನೆಗೆ ಬಂದಳೆಂದು ಬರೆದರೆ ನಂಬಬೇಡಿ. ದಾರಿಯುದ್ದಕ್ಕೂ ಬೈದುಕೊಂಡು ಬಂದಳು. ಅಜ್ಜ, "ಬಿಟ್ಟಾಕು ಮಾರಾಯ್ತಿ, ಲೆಕ್ಕ ಬರ್ದಿದ್ರೆ ಗದ್ದೆ ನಾಟಿ ನಿಲ್ಲುತ್ತಾ?" ಎಂದರೆ, "ಲೆಕ್ಕ ಬರುತ್ತೆ. ಅವ್ರ ಊಟ ಬರಲ್ಲ ನಂಗೆ" ಎಂದು ಸ್ಲೇಟು ಹಿಡಿದು ಕಣದಲ್ಲಿ ಕೂತಳು.

ಮೊದಲು ಎಕ್ಸ್ ಇದ್ದ ಕಡೆ ಒಂದು ಇಟ್ಟಳು. ಮೇಲೆ ಏಳಾಯಿತು, ಕೆಳಗೆ ನಾಲ್ಕು. ಎರಡು ಬರಲಿಲ್ಲ. ಎರಡು ಇಟ್ಟಳು, ಮೂರು ಇಟ್ಟಳು, ಹತ್ತು ಇಟ್ಟಳು. ಯಾವುದರಲ್ಲೂ ಎರಡು ಬರಲೊಲ್ಲದು. ಸೊನ್ನೆ ಇಟ್ಟಾಗ ಮಾತ್ರ ಬರುತ್ತಿತ್ತು. ಯಾಕೆ ಎಂದು ಸ್ಲೇಟನ್ನೇ ನೋಡುತ್ತಾ ಕೂತಳು. ಸೊನ್ನೆಯಾದರೆ ಎಕ್ಸ್ ಇದ್ದೂ ಇಲ್ಲದ ಹಾಗೆ. ಹೊಡೆದು ಹಾಕಿದರೂ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಸೊನ್ನೆ ಅಲ್ಲದಿದ್ದರೆ ಅದಕ್ಕೆ ತೂಕವಿದೆ, ತೆಗೆದರೆ ಲೆಕ್ಕ ಕೆಡುತ್ತದೆ. ಇಷ್ಟು ತಿಳಿದ ಮೇಲೆ ಅವಳಿಗೆ ಪಂಕ್ತಿಯ ಹಂಗು ಬೇಕಾಗಲಿಲ್ಲ. ಮುಂದಿನ ಭಾನುವಾರ, ಹೋಗು ಎಂದಿದ್ದವರ ಮನೆಗೇ ಹೋಗಿ ಜಗಲಿಯ ಮೇಲೆ ತನ್ನ ಜಾಗದಲ್ಲಿ ಕೂತಳು.

"ಮತ್ತೆ ಯಾಕೆ ಬಂದೆ?"

"ನನ್ನ ಲೆಕ್ಕ ತಪ್ಪು ಮೇಷ್ಟ್ರೇ. ಅದನ್ನ ಹೇಳೋಕೆ ಬಂದೆ. ಎಕ್ಸ್ ಸೊನ್ನೆ ಆಗಿದ್ರೆ ಮಾತ್ರ ಅದೊಂದನ್ನೇ ಹೊಡೆದು ಹಾಕಿದ್ರೂ ನಡೆಯುತ್ತೆ. ಸೊನ್ನೆ ಅಲ್ದಿದ್ರೆ ಆಗಲ್ಲ." ಸ್ಲೇಟನ್ನು ಪಕ್ಕಕ್ಕಿಟ್ಟು ಹೇಳಿದಳು: "ನೀವೂ ಹಂಗೇ ತಪ್ಪು ಮಾಡಿದೀರ. ನನ್ನ ಹೊಡೆದು ಹಾಕಿದ್ರಿ. ನಾನು ಸೊನ್ನೆ ಅಲ್ಲ."

ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಂಡರು. ಆಮೇಲೆ ಹಲಗೆಯನ್ನು ಕಿಟಕಿಯ ಕಡೆ ತಿರುಗಿಸಿ ಬರೆದರು: ಮೇಲೆ ಎಕ್ಸ್ ವರ್ಗ ಕಳೆ ಒಂಬತ್ತು, ಕೆಳಗೆ ಎಕ್ಸ್ ವರ್ಗ, ಐದು ಎಕ್ಸ್, ಆರು, ಮೂರನ್ನೂ ಕೂಡಿಸಿದ್ದು. ದೊಡ್ಡಮ್ಮ ಯಾವುದನ್ನೂ ಹೊಡೆಯಲಿಲ್ಲ. ಮೊದಲು ಮೇಲಿನದನ್ನೂ ಕೆಳಗಿನದನ್ನೂ ಗುಣಿಸುವ ಜೋಡಿಗಳಾಗಿ ಬಿಡಿಸಿದಳು. ಎರಡೂ ಕಡೆ 'ಎಕ್ಸ್ ಕೂಡಿಸು ಮೂರು' ಎಂಬ ಇಡೀ ಕಂಸ ಸಿಕ್ಕಿತು. ಅದನ್ನು ಇಡಿಯಾಗಿ ತೆಗೆದಳು. ಎಕ್ಸ್ ಕಳೆ ಮೂರರ ಕೆಳಗೆ ಎಕ್ಸ್ ಕೂಡಿಸು ಎರಡು ಉಳಿಯಿತು. "ತೆಗೆದಿದ್ದು ಸೊನ್ನೆ ಆಗಿರಬಾರ್ದು, ಅಷ್ಟೇ. ಗೆರೆ ಕೆಳಗೆ ಸೊನ್ನೆ ಬಂದ್ರೆ ಲೆಕ್ಕಾನೇ ಇಲ್ಲ" ಎಂದಳು.

"ಬೀಜಗಣಿತವೇ ತಗೋ" ಅಂದರು ಮೇಷ್ಟ್ರು. ಒಳಗೆ ಬಾ ಅನ್ನಲಿಲ್ಲ. ಪರೀಕ್ಷೆಯವರೆಗೂ ಅವಳು ಜಗಲಿಯಲ್ಲೇ ಕಲಿತಳು, ಜಗಲಿಯಲ್ಲೇ ಕೂತು ಪಾಸಾದಳು.

ಆಮೇಲೆ ಭದ್ರಾವತಿಯಲ್ಲಿ, ಕಾರ್ಖಾನೆಯವರ ಮಕ್ಕಳೇ ಹೆಚ್ಚಿದ್ದ ಒಂದು ಶಾಲೆಯಲ್ಲಿ ದೊಡ್ಡಮ್ಮ ಗಣಿತದ ಟೀಚರಾದಳು. ನಾನೂ ಅವಳ ತರಗತಿಯಲ್ಲೇ ಇದ್ದೆ. ತಮಿಳರು, ತೆಲುಗರು, ಸಾಬರ ಹುಡುಗಿಯರು, ಅಗ್ರಹಾರದವರು, ಎಲ್ಲರೂ ಇದ್ದೆವು. ಮಧ್ಯಾಹ್ನ ಒಬ್ಬೊಬ್ಬರು ಒಂದೊಂದು ಮರದ ಕೆಳಗೆ ಬೆನ್ನು ತಿರುಗಿಸಿ ಬುತ್ತಿ ಬಿಚ್ಚುತ್ತಿದ್ದೆವು. ಭಿನ್ನರಾಶಿಯ ಪಾಠ ಬಂದ ದಿನ ದೊಡ್ಡಮ್ಮ ಎಲ್ಲರನ್ನೂ ಹೊರಜಗಲಿಯಲ್ಲಿ ಒಂದೇ ಸಾಲಿಗೆ ಕೂರಿಸಿದಳು. "ಮುಗ್ಸಿದೋರು ಕಾಯ್ಬೇಕು. ಎಲ್ರೂ ಒಟ್ಟಿಗೇ ಏಳೋದು. ಇದು ಲೆಕ್ಕದ ಪಾಠ" ಎಂದಳು. ಮಾರನೆಯ ದಿನವೂ ಕೂರಿಸಿದಳು. ನಿಲ್ಲಿಸಲೇ ಇಲ್ಲ.

ಕೆಲವು ಮನೆಗಳಿಂದ ದೂರು ಬಂತು. ಹೆಡ್‌ಮಾಸ್ಟರ್ ಹಿರಿಯಣ್ಣನವರು, "ಊಟಕ್ಕೂ ಬೀಜಗಣಿತಕ್ಕೂ ಏನಮ್ಮ ಸಂಬಂಧ?" ಎಂದು ಕೇಳಿದರು. "ನನ್ನ ಮೇಷ್ಟ್ರು ಹೇಳ್ಕೊಟ್ಟಿದ್ದು ಸಾರ್. ಅನುಮಾನ ಇದ್ರೆ ಅವ್ರನ್ನೇ ಕರ್ಸಿ ಕೇಳಿ" ಎಂದಳು ದೊಡ್ಡಮ್ಮ.

ಹಿರಿಯಣ್ಣನವರು ನಿಜವಾಗಿಯೂ ಕರೆಸಿದರು! ತಲೆ ನರೆತಿದ್ದ ಶ್ರೀನಿವಾಸಮೂರ್ತಿಗಳು ಮಡಿಸಿದ ಕೊಡೆ ಹಿಡಿದು ನಾವು ಊಟಕ್ಕೆ ಕೂತ ಹೊತ್ತಿಗೇ ಬಂದರು. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಅವರು ಬೇಡ ಅಂದರೆ ಈ ಸಾಲು ಇವತ್ತಿಗೇ ಮುಗಿಯಿತೆಂದು ನಮಗೆಲ್ಲ ಗೊತ್ತಿತ್ತು. ದೊಡ್ಡಮ್ಮ ನನ್ನ ಪಕ್ಕದ ಜಾಗ ತೋರಿಸಿ, "ಕೂತ್ಕೊಳ್ಳಿ ಮೇಷ್ಟ್ರೇ" ಎಂದಳು.

ಅವರು ಕೊಡೆಯನ್ನು ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಕೂತರು. ಊಟ ಬೇಡವೆಂದರು, ನಾನು ಕೊಟ್ಟ ಬಾಳೆಹಣ್ಣು ತಿಂದರು. ಅದು ಒಂದು ಗಳಿಗೆಯಲ್ಲಿ ಮುಗಿಯಿತು. ಹೆಡ್‌ಮಾಸ್ಟರು, "ಏಳಿ ಸಾರ್, ಒಳಗೆ ಹೋಗಿ ಮಾತಾಡೋಣ" ಎಂದು ಕರೆದರು.

"ಪಂಕ್ತಿ ಇನ್ನೂ ಎದ್ದಿಲ್ಲ" ಅಂದರು ಮೇಷ್ಟ್ರು.

ಎಲ್ಲರದೂ ಆಗಿತ್ತು, ನನ್ನದೊಂದು ಬಾಕಿ. ಕಿಟಕಿಯ ಹೊರಗೆ ದೊಡ್ಡಮ್ಮ ಕೂತಿದ್ದ ಆ ಭಾನುವಾರಗಳ ಕತೆಯೆಲ್ಲ ನನಗೆ ನೆನಪಾಯಿತು. ರೊಟ್ಟಿಯನ್ನು ಚೂರು ಚೂರು ಮುರಿದು, ಬೇಕೆಂದೇ ನಿಧಾನವಾಗಿ ತಿಂದೆ. ಮೇಷ್ಟ್ರು ಕಾದರು.